ಎಲ್ಲರಿಗೂ ಕೇಳಿಸುವ ಗುಟ್ಟು: ದಶಕ ಬಿಟ್ಟು ಕೂಡುವ ಒಂದು ಪಾಠ

ತರಗತಿ: 8. ಅವಧಿ: 40 ನಿಮಿಷ. ಸಾಮಗ್ರಿ: ಕಪ್ಪುಹಲಗೆ, ಐದು ಅಂಕಿಗಳ ಚೀಟಿಗಳು.

ಪೀಠಿಕೆಯಾಗಿ ಲಿಂಕನ್‌ಶೈರ್ ಪೋಚರ್ ಕೇಂದ್ರದ ವಿಷಯ ಹೇಳಬಹುದು. ಶಾರ್ಟ್‌ವೇವ್ ರೇಡಿಯೊದಲ್ಲಿ ಆ ಹೆಸರಿನ ಇಂಗ್ಲಿಷ್ ಜನಪದ ಹಾಡಿನ ರಾಗ, ಬಳಿಕ ಹೆಣ್ಣುದನಿಯಲ್ಲಿ ಐದೈದು ಅಂಕಿಗಳ ಗುಂಪುಗಳು. ಸೈಪ್ರಸ್‌ನಿಂದ ಬ್ರಿಟಿಷ್ ಗುಪ್ತಚರರು ನಡೆಸುತ್ತಿದ್ದರೆಂದು ನಂಬಲಾದ ಈ ಪ್ರಸಾರ 2008ರಲ್ಲಿ ನಿಂತಿತು. "ಲೋಕಕ್ಕೆಲ್ಲ ಕೇಳಿಸಿದರೆ ಅದು ಗುಟ್ಟು ಹೇಗಾಯಿತು?" ಎಂದು ಕೇಳಿ. ಕಥೆಗೆ ಐದು ನಿಮಿಷ ಸಾಕು. ಪತ್ತೇದಾರಿಕೆ ಬೆಳೆದರೆ ಗಣಿತ ಹಿಂದೆ ಬೀಳುತ್ತದೆ.

ಹಲಗೆಯ ಮೇಲೆ ಸಂದೇಶ 47291, ಅದರ ಕೆಳಗೆ ಕೀಲಿ 86935 ಬರೆಯಿರಿ. ಪ್ರತಿ ಸ್ಥಾನದಲ್ಲೂ ಕೂಡಿ, ದಶಕವನ್ನು ಬಿಟ್ಟುಬಿಡಬೇಕು. 4+8=12, ಉಳಿಯುವುದು 2. ಹೀಗೆ 23126 ಬರುತ್ತದೆ. ರೇಡಿಯೊ ಓದುವುದು ಇದನ್ನೇ. ಅದೇ ಕೀಲಿ ಇರುವವರು ಕಳೆಯುತ್ತಾರೆ. 2ರಲ್ಲಿ 8 ಹೋಗದಿದ್ದರೆ 12 ಎಂದುಕೊಳ್ಳುತ್ತಾರೆ. ದಶಕವನ್ನು ಪಕ್ಕಕ್ಕೆ ಒಯ್ದು ರೂಢಿಯಾದ ಮಕ್ಕಳು ಇಲ್ಲಿ ತಡವರಿಸುತ್ತಾರೆ. ಗಡಿಯಾರದ ಮುಖದಂತೆ 0ಯಿಂದ 9ರವರೆಗಿನ ವೃತ್ತ ಬರೆದು ತೋರಿಸಿದರೆ ತಿಳಿಯಾಗುತ್ತದೆ.

ಈಗ ಪಾಠದ ಮುಖ್ಯ ಘಟ್ಟ. ಒಂದು ಗುಂಪಿಗೆ ಮಾತ್ರ 11094 ಎಂಬ ಬೇರೆ ಕೀಲಿ ಕೊಡಿ. ಅದೇ 23126ರಿಂದ ಅವರಿಗೆ 12132 ಸಿಗುತ್ತದೆ. ಯಾವುದು ನಿಜವಾದ ಸಂದೇಶ? ಕೇಳಿಸಿದ ಅಂಕಿಗಳಿಂದಷ್ಟೇ ಹೇಳಲಾಗದು. ತಕ್ಕ ಕೀಲಿ ಹುಡುಕಿದರೆ ಯಾವ ಉತ್ತರವನ್ನಾದರೂ ಬರಿಸಬಹುದು. ಮಕ್ಕಳೇ ಇನ್ನೊಂದು ಕೀಲಿ ಕಟ್ಟಲಿ. ಕೀಲಿ ಯಾದೃಚ್ಛಿಕವಾಗಿದ್ದು, ಸಂದೇಶದಷ್ಟೇ ಉದ್ದವಿದ್ದು, ಒಮ್ಮೆ ಮಾತ್ರ ಬಳಕೆಯಾದರೆ ಇದು ಒಡೆಯದ ಗುಟ್ಟು ಎಂದು ಕ್ಲಾಡ್ ಶಾನನ್ 1949ರ ಲೇಖನದಲ್ಲಿ ಸಾಧಿಸಿ ತೋರಿಸಿದರು.

"ಒಮ್ಮೆ ಮಾತ್ರ" ಏಕೆ? 25013ಕ್ಕೆ ಹಳೆಯ ಕೀಲಿಯನ್ನೇ ಕೂಡಿ: 01948. ಎರಡು ಗುಪ್ತರೂಪಗಳನ್ನು ಕಳೆದರೆ 22288. ಎರಡು ಮೂಲ ಸಂದೇಶಗಳನ್ನು ಕಳೆದರೂ ಅದೇ! ಕೀಲಿ ಮಾಯವಾಗಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಸೋವಿಯತ್ ಕೀಲಿಹಾಳೆಗಳು ಎರಡೆರಡು ಪ್ರತಿಯಾಗಿ ಬಳಕೆಗೆ ಬಂದಿದ್ದರಿಂದಲೇ ಅಮೆರಿಕದ ವೆನೋನಾ ತಂಡ ಹಲವು ಸಂದೇಶಗಳನ್ನು ಓದಿತು.

ಮುಂದುವರಿಕೆಗೆ ಎರಡು ಪ್ರಕರಣಗಳು. ಕ್ಯೂಬಾಕ್ಕಾಗಿ ಬೇಹುಗಾರಿಕೆ ಮಾಡಿ 2001ರಲ್ಲಿ ಬಂಧನಕ್ಕೊಳಗಾದ ಅಮೆರಿಕದ ಅಧಿಕಾರಿ ಆನಾ ಮಾಂಟೆಸ್ ರೇಡಿಯೊದ ಅಂಕಿಗಳನ್ನು ಲ್ಯಾಪ್‌ಟಾಪ್‌ನಲ್ಲಿ ಬಿಡಿಸುತ್ತಿದ್ದರು. ಅಳಿಸಿದ್ದರೂ ಸಂದೇಶಗಳ ತುಣುಕುಗಳು ಅದರ ಡಿಸ್ಕ್‌ನಲ್ಲಿ ಸಿಕ್ಕವು. 2010ರಲ್ಲಿ ನ್ಯೂಯಾರ್ಕ್‌ನಲ್ಲಿ ಸಿಕ್ಕಿಬಿದ್ದ ರಷ್ಯಾದ ಆನಾ ಚಾಪ್ಮನ್ ಕೆಫೆಯಲ್ಲಿ ಕುಳಿತು, ಹತ್ತಿರದಲ್ಲಿದ್ದ ರಷ್ಯನ್ ಅಧಿಕಾರಿಗೆ ಲ್ಯಾಪ್‌ಟಾಪ್‌ನಿಂದ ಲ್ಯಾಪ್‌ಟಾಪ್‌ಗೆ ವೈಫೈ ಮೂಲಕ ಸಂದೇಶ ಕಳಿಸುತ್ತಿದ್ದರು. ಎಫ್‌ಬಿಐ ಆ ಎರಡು ಯಂತ್ರಗಳ ಗುರುತುಗಳನ್ನು ಗಾಳಿಯಲ್ಲೇ ಹಿಡಿಯಿತು. ರೇಡಿಯೊ ಕೇಳುವವರು ತಾವಾಗಿ ಏನನ್ನೂ ಪ್ರಸಾರ ಮಾಡುವುದಿಲ್ಲ. ವೈಫೈ ಬಳಸುವ ಯಂತ್ರ ಮಾಡುತ್ತದೆ. ಕ್ಯೂಬಾದ ಒಂದು ಕೇಂದ್ರ ಇತ್ತೀಚಿನ ವರ್ಷಗಳಲ್ಲೂ ಶಾರ್ಟ್‌ವೇವ್ ಬಿಡದೆ, ಅಂಕಿ ಓದುವ ದನಿಯ ನಡುವೆಯೇ ಕಂಪ್ಯೂಟರ್ ದತ್ತಾಂಶವನ್ನೂ ಬಿತ್ತರಿಸಿದೆ.

ಮನೆಗೆಲಸ: 23126ರಿಂದ ನಿಮ್ಮ ಪಿನ್‌ಕೋಡ್‌ನ ಕೊನೆಯ ಐದು ಅಂಕಿಗಳು ಬರುವಂತೆ ಕೀಲಿ ಕಂಡುಹಿಡಿಯಿರಿ. ಕ್ಯೂಬಾದ ಕೇಂದ್ರ ರೇಡಿಯೊವನ್ನು ಏಕೆ ಬಿಟ್ಟಿಲ್ಲ? ಎರಡು ವಾಕ್ಯ ಬರೆಯಿರಿ.