ಚಂದ್ರಯಾನದ ಬಳಸುದಾರಿ

೨೦೨೩ನೆಯ ಇಸವಿಯ ಆಗಸ್ಟ್ ೨೩ರಂದು ಚಂದ್ರಯಾನ-೩ ಚಂದ್ರನ ಮೇಲಿಳಿದುದನ್ನು ನಮ್ಮ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಜುಲೈ ೧೪ರಂದು ಶ್ರೀಹರಿಕೋಟೆಯಿಂದ ಹೊರಟ ಆ ನೌಕೆಗೆ ೪೦ ದಿನಗಳು ಹಿಡಿದುವು. ೧೯೬೯ರಲ್ಲಿ ಅಪೋಲೋ-೧೧ ಹೊರಟ ನಾಲ್ಕನೆಯ ದಿನವೇ ಇಳಿದಿತ್ತು. ಇದನ್ನು ನಮ್ಮವರ ಕುಂದೆಂದು ಭಾವಿಸುವವರುಂಟು. ನಾವು ಹಾಗೆ ಎಣಿಸಲಾರೆವು.

ಅಮೆರಿಕದ ದೈತ್ಯರಾಕೆಟ್ಟಾದ ಸ್ಯಾಟರ್ನ್-೫ ಹೊರಟ ಮೂರು ಗಂಟೆಗಳೊಳಗೇ ಅಪೋಲೋವನ್ನು ಚಂದ್ರನ ಹಾದಿಗೆ ನೂಕಿತು. ನಮ್ಮ ರಾಕೆಟ್ಟಾದರೋ ಸುಮಾರು ೩,೯೦೦ ಕಿಲೋಗ್ರಾಂ ತೂಕದ ಚಂದ್ರಯಾನವನ್ನು ಭೂಮಿಯ ಸುತ್ತಣ ಒಂದು ದೀರ್ಘವೃತ್ತದಲ್ಲಿ ಬಿಟ್ಟಿತು. ಅದರ ಸಮೀಪದ ತುದಿ ನೆಲದಿಂದ ೧೭೦ ಕಿಲೋಮೀಟರು, ದೂರದ ತುದಿ ೩೬,೫೦೦ ಕಿಲೋಮೀಟರು. ಉಳಿದ ದಾರಿಯನ್ನು ನೌಕೆ ತನ್ನ ಸಣ್ಣ ಎಂಜಿನಿನಿಂದಲೇ ಸವೆಸಬೇಕು. ಇಂಧನವೆಲ್ಲ ದಾರಿಗೇ ತೀರಿದರೆ ಚಂದ್ರನ ಬಳಿ ವೇಗ ತಗ್ಗಿಸುವುದೆಂತು, ಇಳಿಯುವುದೆಂತು?

ಇಲ್ಲಿಯೇ ಗಣಿತದ ಜಾಣ್ಮೆ. ನೌಕೆ ಭೂಮಿಗೆ ಅತಿ ಸಮೀಪ ಬಂದಾಗ ಅದರ ವೇಗ ಅತ್ಯಧಿಕ, ಸೆಕೆಂಡಿಗೆ ೧೦ ಕಿಲೋಮೀಟರಿಗೂ ಹೆಚ್ಚು. ಬಲವನ್ನು ದೂರದಿಂದ ಗುಣಿಸಿದರೆ ಕಾರ್ಯವೆಂದು ಪಾಠದಲ್ಲಿ ಓದಿರುವಿರಷ್ಟೆ. ಆ ಸ್ಥಳದಲ್ಲಿ ಎಂಜಿನನ್ನು ಉರಿಸಿದರೆ, ಅಷ್ಟೇ ಸೆಕೆಂಡುಗಳಲ್ಲಿ ಆ ಬಲವು ಹೆಚ್ಚು ದೂರ ಜೊತೆಗೂಡಿ ಸಾಗುವುದರಿಂದ, ಅಷ್ಟೇ ಇಂಧನಕ್ಕೆ ನೌಕೆ ಪಡೆಯುವ ಶಕ್ತಿ ಹೆಚ್ಚು. ಆದರೆ ಆ ಸ್ಥಳವನ್ನು ನೌಕೆ ಬೇಗನೆ ದಾಟಿಬಿಡುತ್ತದೆ. ಆದುದರಿಂದ ಸುತ್ತುಸುತ್ತಿಗೂ ಕಾದು, ಉಯ್ಯಾಲೆಯನ್ನು ಹದವರಿತು ತಳ್ಳುವಂತೆ ಸ್ವಲ್ಪಸ್ವಲ್ಪವೇ ತಳ್ಳಿದರು. ಬೆಂಗಳೂರಿನಿಂದ ಹೋದ ಆಜ್ಞೆಗಳಂತೆ ದೂರದ ತುದಿ ಜುಲೈ ೧೮ರಂದು ೫೧,೪೦೦, ೨೦ರಂದು ೭೧,೩೫೧, ೨೫ರಂದು ೧,೨೭,೬೦೩ ಕಿಲೋಮೀಟರಿಗೆ ಏರಿತು. ಇಷ್ಟೆಲ್ಲಕ್ಕೂ, ಆಗಸ್ಟ್ ೧ರಂದು ಚಂದ್ರನ ಕಡೆಗೆ ತಳ್ಳಿದ ಕೊನೆಯ ನೂಕೂ ಸೇರಿ, ವೇಗವನ್ನು ಹೆಚ್ಚಿಸಬೇಕಾದುದು ಸೆಕೆಂಡಿಗೆ ಒಂದು ಕಿಲೋಮೀಟರಿಗೂ ಕಡಿಮೆ! ಕಾಲವನ್ನು ಕೊಟ್ಟು ಇಂಧನವನ್ನು ಕೊಂಡರೆಂದರೆ ಸಲ್ಲುವುದು.

ಇನ್ನು ಗುರಿಯ ಮಾತು. ಹೊರಟಾಗ ಕಾಣುವ ಚಂದ್ರನತ್ತ ಗುರಿಯಿಟ್ಟರೆ ನೌಕೆ ತಲುಪುವಾಗ ಅಲ್ಲಿ ಬರಿಯ ಬಯಲು. ಪಯಣದ ಆ ಸುಮಾರು ಐದು ದಿನಗಳಲ್ಲಿ ಚಂದ್ರನೇ ನಾಲ್ಕು ಲಕ್ಷ ಕಿಲೋಮೀಟರಿಗೂ ಮಿಕ್ಕು ನಡೆದಿರುತ್ತಾನೆ. ಓಡುತ್ತಿರುವ ಗೆಳೆಯನ ಮುಂದಕ್ಕೆ ಚೆಂಡೆಸೆಯುವ ಹುಡುಗನಿಗೆ ಈ ಲೆಕ್ಕ ಹೊಸತಲ್ಲ.

ಆಗಸ್ಟ್ ೫ರಂದು ಚಂದ್ರನ ಸಮೀಪದಲ್ಲಿ ಎಂಜಿನನ್ನು ಎದುರುಮುಖವಾಗಿ ಉರಿಸಿ ವೇಗವನ್ನು ತಗ್ಗಿಸಿದರು. ಅಂದು ಅದು ಉರಿಯದಿದ್ದರೆ ನೌಕೆ ಚಂದ್ರನಿಗೆ ಸಿಕ್ಕದೆ ಮುಂದೆ ಸಾಗಿಬಿಡುತ್ತಿತ್ತು. ಉರಿಯಿತು, ೧೬೪ ಮತ್ತು ೧೮,೦೭೪ ಕಿಲೋಮೀಟರುಗಳ ದೀರ್ಘವೃತ್ತದಲ್ಲಿ ಚಂದ್ರನನ್ನು ಸುತ್ತತೊಡಗಿತು. ಅದನ್ನು ಕಿರಿದುಗೊಳಿಸುತ್ತ ಕೆಳಗಿಳಿಸಲು ಇನ್ನು ೧೮ ದಿನಗಳಿದ್ದುವು.