ತೂಕ ಇಳಿಸುವ ಆಪರೇಷನ್ ಆದವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಸ್ಲೀವ್ ಅಥವಾ ಬೈಪಾಸ್ ಆಪರೇಷನ್ ಮಾಡಿಸಿಕೊಂಡು ವರ್ಷ ದಾಟಿದವರಿಗೆ, ಹತ್ತು ವರ್ಷ ದಾಟಿದವರಿಗೆ ಮತ್ತು ಅವರ ಮನೆಯವರಿಗೆ ಈ ಸೂಚನೆ. ಅನುಭವಿ ತಂಡ ಮಾಡಿದರೆ ಆಪರೇಷನ್ ದಿನದ ಅಪಾಯ ಇಂದು ಕಡಿಮೆ. ಲಾಭವೂ ನಿಜವಾದದ್ದೇ. 1987ರಲ್ಲಿ ಸ್ವೀಡನ್ನಿನಲ್ಲಿ ಆರಂಭವಾದ ಅಧ್ಯಯನವೊಂದು ಆಪರೇಷನ್ ಆದ ಸುಮಾರು 2000 ಮಂದಿಯನ್ನು ದಶಕಗಳ ಕಾಲ ಗಮನಿಸಿತು. ಅಷ್ಟೇ ಸ್ಥೂಲಕಾಯವಿದ್ದೂ ಆಪರೇಷನ್ ಆಗದವರಿಗಿಂತ ಇವರ ಆಯುಷ್ಯ ಸುಮಾರು 3 ವರ್ಷ ಹೆಚ್ಚಿತ್ತು. ಆದರೆ ಹೊಲಿಗೆ ಒಣಗಿತು, ತೂಕ ಇಳಿಯಿತು, ಇನ್ನು ಆಸ್ಪತ್ರೆ ಯಾಕೆ ಎಂದು ತಪಾಸಣೆ ಬಿಟ್ಟವರ ಬಗ್ಗೆಯೇ ನಮಗೆ ಚಿಂತೆ.

ಮಾಡಬೇಕಾದ್ದು

ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿ, ಜೀವಮಾನವಿಡೀ. ಹಿಮೋಗ್ಲೋಬಿನ್, ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್, ಬಿ12, ಫೋಲೇಟ್, ವಿಟಮಿನ್ ಡಿ, ಕ್ಯಾಲ್ಸಿಯಂ, ಅದನ್ನು ಹತೋಟಿಯಲ್ಲಿಡುವ ಪಿಟಿಎಚ್ ಹಾರ್ಮೋನ್, ಇವಿಷ್ಟೂ ಅದರಲ್ಲಿರಲಿ. ಕ್ಯಾಲ್ಸಿಯಂ ಒಂದೇ ನೋಡಿ ಸರಿಯಿದೆ ಎಂದು ಸುಮ್ಮನಾಗಬೇಡಿ. ರಕ್ತದಲ್ಲಿ ಕಡಿಮೆಯಾದದ್ದನ್ನು ದೇಹ ಮೂಳೆಯಿಂದ ತೆಗೆದು ತುಂಬಿಸುತ್ತಿರುತ್ತದೆ. ಪಿಟಿಎಚ್ ಏರಿದ್ದರೆ ಮಾತ್ರ ಆ ಗುಟ್ಟು ಹೊರಬೀಳುತ್ತದೆ. ಬಿ12 ಇನ್ನೂ ಮೋಸದ್ದು. ಯಕೃತ್ತಿನಲ್ಲಿ ಕೂಡಿಟ್ಟ ಬಿ12 ಕೆಲವು ವರ್ಷ ಬರುವುದರಿಂದ ಕೊರತೆ ತಡವಾಗಿ ಕಾಣುತ್ತದೆ. ಅಂಗಾಲು ಜುಮ್ಮೆನ್ನುವುದು, ನಡೆಯುವಾಗ ತೂರಾಡುವುದು ಶುರುವಾಗುವ ಹೊತ್ತಿಗೆ ನರ ಕೆಟ್ಟಿರಬಹುದು, ಕೆಟ್ಟ ನರ ಪೂರ್ತಿ ಸರಿಹೋಗದೆಯೂ ಇರಬಹುದು. ಮಾಂಸ, ಮೊಟ್ಟೆ ತಿನ್ನದವರು ಮತ್ತು ಮೆಟ್‌ಫಾರ್ಮಿನ್ ಅಥವಾ ಆಸಿಡ್ ಮಾತ್ರೆಯನ್ನು ಬಹುಕಾಲ ತೆಗೆದುಕೊಳ್ಳುವವರು ಇದನ್ನು ಎರಡು ಸಲ ಓದಿ.

ಮಾತ್ರೆಗಳನ್ನು ಬಿಡದೆ ನುಂಗಿ. ಕಬ್ಬಿಣ ಮತ್ತು ಕ್ಯಾಲ್ಸಿಯಂ ನಡುವೆ ಕನಿಷ್ಠ 2 ಗಂಟೆ ಅಂತರ ಇರಲಿ, ಒಂದು ಇನ್ನೊಂದನ್ನು ಒಳಗೆ ಬಿಡುವುದಿಲ್ಲ. ಕಾಫಿ, ಟೀ ಜೊತೆ ಕಬ್ಬಿಣದ ಮಾತ್ರೆ ಬೇಡವೇ ಬೇಡ. ಕ್ಯಾಲ್ಸಿಯಂ ಕೊಳ್ಳುವಾಗ ‘ಸಿಟ್ರೇಟ್’ ಎಂದು ಕೇಳಿ ಕೊಳ್ಳಿ. ‘ಕಾರ್ಬೊನೇಟ್’ ಕರಗಲು ಜಠರದ ಆಮ್ಲ ಬೇಕು, ನಿಮ್ಮಲ್ಲಿ ಅದು ಕಡಿಮೆ.

ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು. ಹಾಗಾಗಿ ತಟ್ಟೆಯಲ್ಲಿ ಮೊದಲು ಕಾಳು, ಮೊಸರು, ಪನೀರ್, ಮೊಟ್ಟೆ ಅಥವಾ ಮೀನು, ಆಮೇಲೆ ಅನ್ನ. ತಿಳಿಸಾರು ಅನ್ನದಲ್ಲೇ ಹೊಟ್ಟೆ ತುಂಬಿಸಿಕೊಂಡರೆ ಉಳಿದದ್ದಕ್ಕೆ ಜಾಗವೇ ಇರುವುದಿಲ್ಲ. ಪ್ರತಿ ತುತ್ತನ್ನೂ ಅಗಿಯಿರಿ. ಮುದ್ದೆಯನ್ನು ಅಗಿಯದೆ ನುಂಗುವ ರೂಢಿ ನಮ್ಮ ಹಳ್ಳಿಗಳಲ್ಲಿ ಗಟ್ಟಿಯಾಗಿದೆ, ಅದನ್ನು ಬಿಡಲೇಬೇಕು. ರಾಗಿ ಬೇಕೆನಿಸಿದರೆ ತೆಳು ರೊಟ್ಟಿ ಅಗಿದು ತಿನ್ನಿ. ನೀರು, ಮಜ್ಜಿಗೆ ಊಟದ ನಡುವೆ ಬೇಡ, ಅರ್ಧ ಗಂಟೆ ಕಳೆದ ಮೇಲೆ ಗುಟುಕು ಗುಟುಕಾಗಿ ಕುಡಿಯಿರಿ.

ಹೆಣ್ಣುಮಕ್ಕಳು ಆಪರೇಷನ್ ಆದ 12ರಿಂದ 18 ತಿಂಗಳವರೆಗೆ ಗರ್ಭ ಧರಿಸುವುದನ್ನು ಮುಂದೂಡಿ. ತೂಕ ಇಳಿದಂತೆ ನಿಂತಿದ್ದ ಮುಟ್ಟು ಮರಳಿ ಬಂದು ಬೇಗ ಗರ್ಭ ನಿಲ್ಲಬಹುದು. ಬೈಪಾಸ್ ಆದವರು ನುಂಗುವ ಗರ್ಭನಿರೋಧಕ ಮಾತ್ರೆಯೊಂದನ್ನೇ ನಂಬಬೇಡಿ. ಮುಂದೆ ಗರ್ಭಿಣಿಯಾದಾಗ ಗ್ಲೂಕೋಸ್ ನೀರು ಕುಡಿಸಿ ಮಾಡುವ ಸಕ್ಕರೆ ಪರೀಕ್ಷೆಗೆ ಮೊದಲು ನಿಮ್ಮ ಆಪರೇಷನ್ ವಿಷಯ ಹೇಳಿ. ಆ ನೀರು ಬೈಪಾಸ್ ಆದವರಲ್ಲಿ ತಲೆಸುತ್ತು, ಬೆವರು, ಭೇದಿ ತರಬಹುದು.

ಮಾಡಬಾರದ್ದು

ಮೈಕೈ ನೋವಿಗೆಂದು ಇಬುಪ್ರೊಫೆನ್, ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್ ನುಂಗಬೇಡಿ. ಬೈಪಾಸ್ ಆದವರಲ್ಲಿ ಜಠರ ಮತ್ತು ಕರುಳು ಕೂಡುವ ಜಾಗದಲ್ಲಿ ಹುಣ್ಣಾಗಲು ಇವೇ ದೊಡ್ಡ ಕಾರಣ. ಬೀಡಿ, ಸಿಗರೇಟ್ ಇನ್ನೊಂದು. ಹುಣ್ಣು ರಕ್ತ ಸುರಿಸಬಹುದು, ತೂತೂ ಬೀಳಬಹುದು. ಮೆಡಿಕಲ್ ಶಾಪಿನಲ್ಲಿ ‘ನೋವಿಗೆ ಒಂದು ಮಾತ್ರೆ ಕೊಡಿ’ ಎಂದಷ್ಟೇ ಕೇಳುವ ಅಭ್ಯಾಸವನ್ನು ಇವತ್ತೇ ನಿಲ್ಲಿಸಿ. ಜ್ವರಕ್ಕೂ ನೋವಿಗೂ ಪ್ಯಾರಾಸಿಟಮಾಲ್ ಸಾಕಾಗದಿದ್ದರೆ ವೈದ್ಯರ ಹತ್ತಿರ ಹೋಗಿ.

ಮದ್ಯ ಬೇಡ. ಬೈಪಾಸ್ ಆದ ಮೇಲೆ ಅದು ಬೇಗನೆ ರಕ್ತಕ್ಕಿಳಿಯುತ್ತದೆ, ಹೆಚ್ಚು ಏರುತ್ತದೆ. ಮೊದಲು ಚಟವಿಲ್ಲದವರಲ್ಲೂ ಎರಡನೇ ವರ್ಷದಿಂದ ಚಟ ಅಂಟಿಕೊಂಡದ್ದನ್ನು ಅಮೆರಿಕದ ಅಧ್ಯಯನ ತೋರಿಸಿದೆ.

ಸಕ್ಕರೆ ಕಾಯಿಲೆ ಹೋಯಿತು ಎಂದು ಪರೀಕ್ಷೆ ನಿಲ್ಲಿಸಬೇಡಿ. ಅದೇ ಸ್ವೀಡನ್ ಅಧ್ಯಯನದಲ್ಲಿ 2 ವರ್ಷಕ್ಕೆ ಶೇ. 72 ಮಂದಿಯಲ್ಲಿ ಕಾಯಿಲೆ ಮರೆಯಾಗಿತ್ತು. 15 ವರ್ಷದ ಹೊತ್ತಿಗೆ ಹಾಗೆಯೇ ಉಳಿದದ್ದು ಸುಮಾರು ಶೇ. 30. ಕಣ್ಣು, ಕಿಡ್ನಿ ತಪಾಸಣೆಯೂ ಮುಂದುವರಿಯಲಿ.

ತೂಕ ಸ್ವಲ್ಪ ಮರಳಿತೆಂದು ನಾಚಿ ತಪಾಸಣೆ ತಪ್ಪಿಸಬೇಡಿ. ಎರಡು ವರ್ಷದ ನಂತರ ಒಂದಿಷ್ಟು ಮರಳುವುದು ಸಾಮಾನ್ಯ, ಅದು ನಿಮ್ಮ ಅಪರಾಧವಲ್ಲ, ಅದಕ್ಕೆ ಚಿಕಿತ್ಸೆಯೂ ಇದೆ. ಮನಸ್ಸು ಕುಗ್ಗಿದರೂ ಹೇಳಿಕೊಳ್ಳಿ. ಆಪರೇಷನ್ ಆದವರಲ್ಲಿ ಆತ್ಮಹತ್ಯೆಯ ಅಪಾಯ ಹೆಚ್ಚಿರುವುದು ಹಲವು ದೇಶಗಳಲ್ಲಿ ಕಂಡುಬಂದಿದೆ. ಮನೆಯವರೇ, ಈ ಮಾತು ನಿಮಗೂ. ಹಬ್ಬದ ದಿನ ‘ಇನ್ನೊಂದು ಹೋಳಿಗೆ’ ಎಂದು ಒತ್ತಾಯಿಸಿ ಬಡಿಸಲೂಬೇಡಿ, ‘ಅಷ್ಟು ದುಡ್ಡು ಸುರಿದೂ ದಪ್ಪಗಾದೆ’ ಎಂದು ಆಡಿಕೊಳ್ಳಲೂಬೇಡಿ.

ಸ್ಲೀವ್ ಆದವರು ವರ್ಷಗಟ್ಟಲೆ ಎದೆಯುರಿಯನ್ನು ಮಾತ್ರೆಯಲ್ಲೇ ತಳ್ಳಬೇಡಿ. ಎಂಡೋಸ್ಕೊಪಿ ಬಗ್ಗೆ ನೀವಾಗಿಯೇ ಕೇಳಿ.

ತಡಮಾಡದೆ ಆಸ್ಪತ್ರೆಗೆ

ಬಂದು ಹೋಗುವ ಹೊಟ್ಟೆ ನುಲಿತ, ಅದರಲ್ಲೂ ಬೈಪಾಸ್ ಆದವರಿಗೆ: ಇದನ್ನು ಗ್ಯಾಸ್ಟ್ರಿಕ್ ಎಂದುಕೊಂಡು ಮಲಗಬೇಡಿ. ಆಪರೇಷನ್ ಆಗಿ ಎಷ್ಟೋ ವರ್ಷದ ಮೇಲೂ ಒಳಗಿನ ಸಂದಿಗೆ ಕರುಳು ನುಗ್ಗಿ ಸಿಕ್ಕಿಕೊಳ್ಳಬಹುದು, ರಕ್ತ ಹರಿಯದೆ ಸಾಯಲೂಬಹುದು. ಸ್ಕ್ಯಾನ್‌ನಲ್ಲಿ ಏನೂ ಕಾಣದಿದ್ದರೂ ನೋವು ಉಳಿದಿದ್ದರೆ ಬಾರಿಯಾಟ್ರಿಕ್ ಸರ್ಜನ್ ನೋಡಲೇಬೇಕು.

ಪಕ್ಕೆಲುಬಿನ ಕೆಳಗೆ ಬಲಕ್ಕೆ ನೋವು, ಕಪ್ಪು ಮಲ, ಊಟವಾಗಿ ಒಂದರಿಂದ ಮೂರು ಗಂಟೆಯಲ್ಲಿ ಬೆವರಿ ಕಣ್ಣು ಕತ್ತಲೆ ಬರುವುದು: ಇವಕ್ಕೂ ಕಾಯಬೇಡಿ.

ದಿನಗಟ್ಟಲೆ ವಾಂತಿ ನಿಲ್ಲದಿದ್ದರೆ ಥಯಮಿನ್, ಅಂದರೆ ಬಿ1, ಕೆಲವೇ ವಾರಗಳಲ್ಲಿ ಬರಿದಾಗಿ ಮೆದುಳಿಗೇ ಪೆಟ್ಟು ಬೀಳಬಹುದು. ಒಂದು ಎರಡಾಗಿ ಕಾಣುವುದು, ನಡಿಗೆ ತಪ್ಪುವುದು, ಮಾತು ಗೊಂದಲವಾಗುವುದು ಅದರ ಗುರುತು. ಊರಿನ ಕ್ಲಿನಿಕ್ಕಿನಲ್ಲಿ ಸುಸ್ತಿಗೆಂದು ಹಾಕುವ ಗ್ಲೂಕೋಸ್ ಬಾಟಲಿ ಇಂಥ ಹೊತ್ತಿನಲ್ಲಿ ಕೇಡನ್ನು ಹೆಚ್ಚಿಸಬಹುದು. ಅದಕ್ಕಾಗಿ ಪರ್ಸಿನಲ್ಲಿ ಒಂದು ಚೀಟಿ ಸದಾ ಇರಲಿ. ಅದರಲ್ಲಿ ಯಾವ ಆಪರೇಷನ್, ಯಾವ ವರ್ಷ, ಎಲ್ಲಿ ಆಯಿತು ಎಂದು ಬರೆದು, ಕೆಳಗೆ ದಪ್ಪಕ್ಷರದಲ್ಲಿ ಇಷ್ಟು ಸೇರಿಸಿ: ‘ಡೈಕ್ಲೊಫೆನಾಕ್ ಬೇಡ. ವಾಂತಿಯಿದ್ದರೆ ಮೊದಲು ಥಯಮಿನ್, ಆಮೇಲೆ ಗ್ಲೂಕೋಸ್.’