ಸ್ಟೈಲ್‌ಶೀಟ್ ಹಗುರಾಗಿಸುವ ಆರು ಸೂತ್ರಗಳು

ಅಮರಗೋಳದ ಎಪಿಎಂಸಿಗೆ ಉಳ್ಳಾಗಡ್ಡಿ ತಂದ ರೈತ ಮೊಬೈಲಿನಲ್ಲಿ ಆ ದಿನದ ದರ ನೋಡಬೇಕು ಅಂದುಕೊಳ್ಳಿ. ಪುಟದ ತಲೆಭಾಗದಲ್ಲಿ ಕೊಂಡಿ ಹಾಕಿದ ಸಿಎಸ್‌ಎಸ್ ಪೂರ್ತಿ ಇಳಿಯುವ ತನಕ ಬ್ರೌಸರ್ ಸಾಮಾನ್ಯವಾಗಿ ಏನನ್ನೂ ತೋರಿಸುವುದಿಲ್ಲ. ಹುಬ್ಬಳ್ಳಿ–ಧಾರವಾಡದಲ್ಲಿ ಇಂಥ ಪುಟ ಕಟ್ಟುವ ಹುಡುಗ ಹುಡುಗಿಯರಿಗೆ ಈ ಮಾತು.

1. ಬರೆಯುವಾಗ ಬಿಡಿಸಿ, ಕಳಿಸುವಾಗ ಕೂಡಿಸಿ. ದರಪಟ್ಟಿ, ಮೆನು, ಫಾರಂ, ಬಟನ್ ಒಂದೊಂದಕ್ಕೂ ಬೇರೆ ಫೈಲ್ ಇರಲಿ. ತಿದ್ದುವಾಗ ಹುಡುಕಾಟ ತಪ್ಪುತ್ತದೆ. ಆದರೆ ಈ ವಿಂಗಡಣೆ ನಿಮ್ಮ ಅನುಕೂಲಕ್ಕೆ. ನೋಡುವವರ ಫೋನಿಗೆ ಬಂಡಲ್ ಮಾಡಿ, ಮಿನಿಫೈ ಮಾಡಿ ಕಳಿಸಿ.

2. ಸಿಎಸ್‌ಎಸ್ ಒಳಗಿನ ಇಂಪೋರ್ಟ್ ಬಿಡಿ. ಮೊದಲ ಫೈಲ್ ಇಳಿಸಿ ಓದಿದ ಮೇಲಷ್ಟೇ ಎರಡನೆಯದು ಬೇಕೆಂದು ಬ್ರೌಸರಿಗೆ ತಿಳಿಯುತ್ತದೆ. 2015ರಲ್ಲಿ ಬಂದ ಎಚ್‌ಟಿಟಿಪಿ/2 ಹಲವು ಫೈಲುಗಳನ್ನು ಒಟ್ಟಿಗೇ ತರಬಲ್ಲದು, ಈ ಸರತಿಯನ್ನು ಮಾತ್ರ ತಪ್ಪಿಸದು. ಸ್ಯಾಸ್ ಬಳಸುವವರು ‘ಯೂಸ್’ ರೂಢಿ ಮಾಡಿಕೊಳ್ಳಿ: ಒಂದೇ ಮಾಡ್ಯೂಲನ್ನು ಎಷ್ಟು ಕಡೆ ಕರೆದರೂ ಅದರ ಸಿಎಸ್‌ಎಸ್ ಒಮ್ಮೆ ಮಾತ್ರ ಹೊರಬರುತ್ತದೆ. ಸ್ಯಾಸ್‌ನ ಹಳೆಯ ಇಂಪೋರ್ಟ್‌ನಲ್ಲಿ ಅದು ಕರೆದಷ್ಟು ಸಲ ಅಚ್ಚಾಗುತ್ತಿತ್ತು.

3. ಕನ್ನಡ ಲಿಪಿಗೆ ಪ್ರತ್ಯೇಕ ಮಾಡ್ಯೂಲ್. ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಒತ್ತಕ್ಷರ, ಗುಣಿತಾಕ್ಷರಗಳಿಂದ ನಮ್ಮ ಫಾಂಟ್ ತೂಕವಾಗಿರುತ್ತದೆ. ಯೂನಿಕೋಡ್‌ನಲ್ಲಿ ಕನ್ನಡದ್ದು 0ಸಿ80ರಿಂದ 0ಸಿಎಫ್‌ಎಫ್‌ವರೆಗಿನ 128 ಸ್ಥಾನ; ಆ ವ್ಯಾಪ್ತಿಯನ್ನು ಫಾಂಟ್ ನಿಯಮದಲ್ಲೇ ಬರೆದರೆ, ಪುಟದಲ್ಲಿ ಕನ್ನಡ ಇದ್ದಾಗ ಮಾತ್ರ ಫಾಂಟ್ ಇಳಿಯುತ್ತದೆ. ಜೊತೆಗೆ 200ಸಿ ಸೇರಿಸಲು ಮರೆಯಬೇಡಿ: ‘ಸ್ಟೈಲ್‌ಶೀಟ್’ನಲ್ಲಿ ‘ಶ’ ಒತ್ತಾಗದಂತೆ ತಡೆಯುವ, ಕಣ್ಣಿಗೆ ಕಾಣದ ಅಕ್ಷರ ಅದು. ಫಾಂಟ್ ಬರುವ ಮುಂಚೆಯೇ ಫೋನಿನಲ್ಲಿರುವ ಅಕ್ಷರದಲ್ಲಿ ಪಠ್ಯ ಕಾಣುವಂತೆ ‘ಸ್ವಾಪ್’ ಹಾಕಿ. ಸಾಲಿನ ಎತ್ತರ 1.6ರ ಆಸುಪಾಸು ಇಡಿ. ಇಂಗ್ಲಿಷಿಗೆ ಸಾಕಾಗುವ 1.2ರಲ್ಲಿ ನಮ್ಮ ಒತ್ತುಗಳು ಕೆಳಸಾಲಿಗೆ ತಾಗುತ್ತವೆ.

4. ಯಾವ ಮಾಡ್ಯೂಲಿನ ಮಾತು ನಡೆಯಬೇಕೆಂದು ಲೇಯರ್‌ಗಳಲ್ಲಿ ಮೊದಲೇ ಗೊತ್ತುಮಾಡಿ. 2022ರಿಂದ ಪ್ರಮುಖ ಬ್ರೌಸರುಗಳಲ್ಲೆಲ್ಲ ಈ ಸೌಲಭ್ಯವಿದೆ.

5. ಪ್ರಿಂಟ್ ಶೈಲಿ ಬೇರೆ ಕೊಂಡಿಯಲ್ಲಿರಲಿ. ಮೀಡಿಯಾ ‘ಪ್ರಿಂಟ್’ ಎಂದಿದ್ದರೆ ಪರದೆ ಅದಕ್ಕಾಗಿ ಕಾಯುವುದಿಲ್ಲ.

6. ಅಳೆದು ನೋಡಿ. ಕ್ರೋಮ್‌ನ ಡೆವ್‌ಟೂಲ್ಸ್‌ನಲ್ಲಿ ‘ಕವರೇಜ್’ ತೆರೆದರೆ ಬಳಕೆಯಾಗದ ಸಿಎಸ್‌ಎಸ್ ಎಷ್ಟೆಂದು ಕಾಣುತ್ತದೆ. ಬೇರೆ ಪುಟಕ್ಕೂ ಬೇಡವೆಂದು ಖಾತ್ರಿಯಾದರೆ ತೆಗೆದುಹಾಕಿ. ಪರದೆಯಲ್ಲಿನ ಅತಿ ದೊಡ್ಡ ಚಿತ್ರ ಅಥವಾ ಪಠ್ಯಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಎನ್ನುವುದು ಗೂಗಲ್‌ನ ಮಾನದಂಡ. ಆಫೀಸಿನ ವೈಫೈ ಆಫ್ ಮಾಡಿ, ಅಗ್ಗದ ಆಂಡ್ರಾಯ್ಡ್ ಫೋನಿನಲ್ಲಿ ಪರೀಕ್ಷಿಸಿಯೇ ಪುಟ ಬಿಡುಗಡೆ ಮಾಡಿ.